ಕೊಲೆಗಾರನ ಹೆಸರೆತ್ತದೆ ಪತ್ತೇದಾರಿ ಕಾದಂಬರಿಯ ಬಗ್ಗೆ ಮಾತಾಡುವುದು ಹೇಗೆ?

ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಮನೆಯ ಮಾಳಿಗೆ. ಭಾನುವಾರ ಬಿಸಿಲು ಇಳಿದ ಮೇಲೆ ಅದಕ್ಕೆ ನಾಲ್ಕು ಕೊಡ ನೀರು ಹೊಡೆದು, ಚಾಪೆ ಹಾಸಿ, ನಾವು ಏಳೆಂಟು ಮಂದಿ ಕೂರುತ್ತೇವೆ. ಒಗ್ಗರಣಿ, ಮಿರ್ಚಿ, ಚಾ, ಮತ್ತು ಆ ವಾರ ಓದಿದ ಪತ್ತೇದಾರಿ ಕಾದಂಬರಿ.

ಈ ಕೂಟ ಮೂರನೇ ವಾರಕ್ಕೇ ಮುರಿದು ಬೀಳುವುದಿತ್ತು. ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರ ಮಾಡುವ ಸಾವ್ಕಾರ್ರು ಚಾದ ಕಪ್ಪು ಕೆಳಗಿಡುತ್ತಾ, "ಏನೇ ಅನ್ರಿ, ಆ ವಕೀಲ ಭಾರಿ ಕಿಲಾಡಿ" ಅಂದರು. ಅಷ್ಟೇ. ಕೊಲೆಯ ಮಾತೇ ಎತ್ತಲಿಲ್ಲ. ಅದೇ ಪುಸ್ತಕವನ್ನು ತೊಂಬತ್ತನೇ ಪುಟದವರೆಗಷ್ಟೇ ಓದಿದ್ದ ನರ್ಸ್ ಅಕ್ಕಾರು ಪುಸ್ತಕ ಮುಚ್ಚಿ ಚಾಪೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು. ಎರಡು ವಾರ ಇತ್ತ ತಲೆ ಹಾಕಲಿಲ್ಲ.

ಸಾಮಾಜಿಕ ಕಾದಂಬರಿಯ ಕಥೆಯನ್ನು ಪೂರ್ತಿ ಹೇಳಿದರೂ ಓದಲಿಕ್ಕೆ ಏನಾದರೂ ಉಳಿದಿರುತ್ತದೆ. ಪತ್ತೇದಾರಿಯಲ್ಲಿ ಹಾಗಲ್ಲ, ಒಂದು ಹೊಗಳಿಕೆಗೇ ಪುಸ್ತಕ ಸಾಯುತ್ತದೆ. ಹಾಗಂತ ಗುಟ್ಟು ಒಡೆದೀತೆಂಬ ಅಂಜಿಕೆಗೆ "ಚಲೋ ಅದ, ಓದ್ರಿ" ಅಂದು ಸುಮ್ಮನಾದರೆ ಅದನ್ನು ಅಭಿಪ್ರಾಯ ಅನ್ನಲಾಗದು. ಗುಟ್ಟು ಉಳಿಸಿಯೂ ಗಟ್ಟಿಯಾದ ಮಾತಾಡುವ ದಾರಿ ನಮಗೆ ಸಾಕಷ್ಟು ಜಗಳವಾಡಿದ ಮೇಲೆ ಸಿಕ್ಕಿತು. ಅದನ್ನೇ ಕೆಳಗೆ ಹಂತಹಂತವಾಗಿ ಬರೆದಿದ್ದೇನೆ. ಇಬ್ಬರೇ ಗೆಳೆಯರಿದ್ದರೂ ನಡೆಯುತ್ತದೆ.

ಹಂತ 1: ಓದುವಾಗಲೇ ಎರಡು ಚೀಟಿ ಬರೆಯಿರಿ

ಇಡೀ ಪದ್ಧತಿ ನಿಂತಿರುವುದು ಇದರ ಮೇಲೆ. ಉಳಿದ ಹಂತಗಳನ್ನು ಬಿಟ್ಟರೂ ನಡೆದೀತು, ಇದನ್ನು ಬಿಡಬೇಡಿ.

ಪುಸ್ತಕ ಮುಗಿದ ಕ್ಷಣದಿಂದ ನಿಮ್ಮ ನೆನಪು ನಿಮಗೆ ಸುಳ್ಳು ಹೇಳಲು ಶುರುಮಾಡುತ್ತದೆ. ಎಲ್ಲವೂ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ನಮ್ಮಲ್ಲಿ ಬರುವ ಪಿಯುಸಿ ಹುಡುಗ ಪ್ರತಿ ವಾರ ಇದೇ ಹೇಳುತ್ತಿದ್ದ: "ನನಗ ಎರಡನೇ ಚಾಪ್ಟರ್‌ನ್ಯಾಗ ಗೊತ್ತಾಗಿತ್ರಿ, ಖೂನಿ ಮಾಡಿದಾಕಿ ಆಕೀನ ಅಂತ." ಒಂದು ದಿನ ರೈಲ್ವೆಯಿಂದ ರಿಟೈರಾದ ಚಾಚಾ ಕೇಳಿದರು, "ಹೌದೇನಪಾ, ಬರದಿಟ್ಟೀ ಏನು? ಎಲ್ಲದ ಚೀಟಿ?" ಅಂದಿನಿಂದ ಚೀಟಿ ಬಂತು.

ಮೊದಲ ಚೀಟಿಗೆ ಸರಿಯಾದ ಜಾಗ ಪುಸ್ತಕದ ಮೂರನೇ ಒಂದು ಭಾಗ. ಅಷ್ಟರಲ್ಲಿ ಹೆಣ ಬಿದ್ದಿರುತ್ತದೆ, ಮುಖ್ಯ ಪಾತ್ರಗಳು ಬಂದುಹೋಗಿರುತ್ತವೆ. ಎರಡನೆಯದು ಗುಟ್ಟು ಬಿಚ್ಚುವ ಮೊದಲು. ಆ ಜಾಗ ಎಲ್ಲಿದೆ ಎಂದು ಕಂಡುಹಿಡಿಯುವುದೇ ಒಂದು ಕಲೆ. ಎಲರಿ ಕ್ವೀನ್ ಹೆಸರಿನಲ್ಲಿ ಬರೆಯುತ್ತಿದ್ದ ಅಮೆರಿಕದ ಜೋಡಿ 1929ರ ತಮ್ಮ ಮೊದಲ ಕಾದಂಬರಿಯಲ್ಲೇ ಕಥೆ ನಿಲ್ಲಿಸಿ, ಬೇಕಾದ ಸುಳಿವೆಲ್ಲ ಈಗ ನಿಮ್ಮ ಕೈಯಲ್ಲಿದೆ, ಉತ್ತರ ಹೇಳಿ ನೋಡೋಣ ಎಂದು ಓದುಗನಿಗೆ ಸವಾಲು ಹಾಕಿತ್ತು. ಎಲ್ಲ ಲೇಖಕರೂ ಇಂಥ ಉಪಕಾರ ಮಾಡುವುದಿಲ್ಲ. ಆದರೆ ಗುರುತುಗಳಿವೆ. ಪತ್ತೇದಾರ ಎಲ್ಲರನ್ನೂ ಒಂದೇ ಕೋಣೆಗೆ ಕರೆಯುತ್ತಾನೆ. ಇಲ್ಲವೇ ಸಂಬಂಧವೇ ಇಲ್ಲದ ಒಂದು ಸಣ್ಣ ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆ ತಾನೇ ನಗುತ್ತಾನೆ. ಅಲ್ಲಿ ಪುಸ್ತಕ ಮುಚ್ಚಿ. ಕಷ್ಟ, ಗೊತ್ತು. ರಾತ್ರಿ ಹನ್ನೊಂದೂವರೆಗೆ ಪುಸ್ತಕ ಮುಚ್ಚಿ ಪೆನ್ನು ಹುಡುಕುವುದು ಹಿಂಸೆಯೇ. ಮೊದಲೇ ಪೆನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಚೀಟಿಯಲ್ಲಿ ನಾಲ್ಕು ಸಾಲು ಸಾಕು. ಯಾರು? ಯಾಕೆ? ಯಾವ ಪುಟ ಓದಿ ಹಾಗನ್ನಿಸಿತು? ನಾಲ್ಕನೆಯದು ನಮ್ಮ ಅನುಭವದಿಂದ ಸೇರಿದ್ದು: ಕಾದಂಬರಿಕಾರ ನನ್ನನ್ನು ಯಾರ ಕಡೆ ತಳ್ಳುತ್ತಿದ್ದಾನೆ? ಈ ಕೊನೆಯ ಸಾಲೇ ಮುಂದೆ ಮಾತಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೋಸಹೋದವನಿಗೇ ಮೋಸದ ದಾರಿ ಗೊತ್ತಿರುವುದು. ಕಳೆದ ಹನ್ನೊಂದು ಪುಸ್ತಕಗಳಲ್ಲಿ ನನ್ನ ಎರಡನೇ ಚೀಟಿ ಸರಿಯಾದದ್ದು ಮೂರು ಸಲ. ಅದರಲ್ಲಿ ಎರಡು ಸಲ ಹೆಸರು ಸರಿ, ಕಾರಣ ಪೂರ್ತಿ ತಪ್ಪು. ಲಾಟರಿ ಹೊಡೆದಂತೆ. ನಾಚಿಕೆಯೇನಿಲ್ಲ.

ಬಸ್ ಟಿಕೆಟ್ಟಿನ ಹಿಂದೆ ಬೇಕಾದರೂ ಬರೆಯಿರಿ, ಪುಸ್ತಕದ ಅಂಚಿನಲ್ಲಿ ಮಾತ್ರ ಬರೆಯಬೇಡಿ. ಹಿಂದೊಮ್ಮೆ ಬಾಡಿಗೆ ಲೈಬ್ರರಿಯಿಂದ ತಂದ ಪುಸ್ತಕದ ಹದಿನಾಲ್ಕನೇ ಪುಟದಲ್ಲಿ ಮನೆಗೆಲಸದವಳ ಹೆಸರಿನ ಕೆಳಗೆ ಗೆರೆ ಎಳೆದು ಯಾರೋ ಪೆನ್ಸಿಲಿನಲ್ಲಿ "ಇವಳೇ" ಎಂದು ಬರೆದಿದ್ದರು. ಇನ್ನೂರು ಪುಟ ಆ ಪೆನ್ಸಿಲನ್ನು ಬೈಯುತ್ತಾ ಓದಿದೆ. ಕೊನೆಗೆ ನೋಡಿದರೆ ಅವಳಲ್ಲ! ಬರೆದವರು ತುಂಟರೋ, ಇಲ್ಲ ನಮ್ಮ ಹಾಗೆ ಮೊದಲ ಚೀಟಿ ಬರೆದು ತಪ್ಪಿದ ಪ್ರಾಮಾಣಿಕರೋ, ಇವತ್ತಿಗೂ ಬಗೆಹರಿಯದ ಕೇಸು ಅದು.

ಹಂತ 2: ಮುಗಿದ ಮೇಲೆ ಅರ್ಧ ಗಂಟೆ ಹಿಂದಕ್ಕೆ ಓದಿ

ಪುಸ್ತಕ ಚಲೋ ಇದೆಯೋ ಇಲ್ಲವೋ ಎಂಬುದು ಕೊನೆಯ ಪುಟದಲ್ಲಿ ಗೊತ್ತಾಗುವುದಿಲ್ಲ. ಅಲ್ಲಿ ಗೊತ್ತಾಗುವುದು ನೀವು ಬೆಚ್ಚಿದಿರೋ ಇಲ್ಲವೋ ಎಂಬುದಷ್ಟೇ. ಬೆಚ್ಚಿಸಲು ಏನು ಮಹಾ, ಕತ್ತಲಲ್ಲಿ ಬೆಕ್ಕು ಹಾರಿದರೂ ಬೆಚ್ಚುತ್ತೇವೆ. ಲೇಖಕ ನ್ಯಾಯವಾಗಿ ಆಡಿದನೇ ಎಂದು ನೋಡಲು ಹಿಂದಕ್ಕೆ ಹೋಗಬೇಕು.

ಮೂರು ಜಾಗ ನೋಡಿದರೆ ಸಾಕು. ಅಪರಾಧಿ ಮೊದಲ ಸಲ ಕಾಣಿಸಿಕೊಂಡ ಪುಟ, ಪತ್ತೇದಾರ ಕೊನೆಗೆ ಎತ್ತಿ ತೋರಿಸಿದ ಸುಳಿವು ನಿಜವಾಗಿ ಇದ್ದ ಪುಟ, ಮತ್ತು ಕೊಲೆಯಾದ ಹೊತ್ತಿನಲ್ಲಿ ಅಪರಾಧಿ ಎಲ್ಲಿದ್ದ ಎಂದು ಲೇಖಕ ಹೇಳಿದ ವಾಕ್ಯ. ಆ ವಾಕ್ಯವನ್ನು ಪದಪದವಾಗಿ ಓದಿ. ಒಳ್ಳೆಯ ಲೇಖಕ ಅಲ್ಲಿ ಸುಳ್ಳು ಹೇಳಿರುವುದಿಲ್ಲ, ನೀವೇ ತಪ್ಪಾಗಿ ಓದಿಕೊಂಡಿರುತ್ತೀರಿ.

ನ್ಯಾಯ ಅಂದರೇನು? ಇದಕ್ಕೆ ಹಳೆಯ ಅಳತೆಗೋಲು ಒಂದಿದೆ. ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ, ತಾನೂ ಪತ್ತೇದಾರಿ ಬರೆಯುತ್ತಿದ್ದವ, 1929ರಲ್ಲಿ ಹತ್ತು ನಿಯಮ ಹಾಕಿದ. ಅಪರಾಧಿ ಕಥೆಯ ಮೊದಲ ಭಾಗದಲ್ಲೇ ಬಂದಿರಬೇಕು, ದೆವ್ವ ಭೂತದ ಕೈವಾಡ ಇರಬಾರದು, ಗುಪ್ತ ದಾರಿ ಒಂದಕ್ಕಿಂತ ಹೆಚ್ಚು ಬೇಡ, ಅವಳಿ ಜವಳಿ ತರುವುದಾದರೆ ಓದುಗನನ್ನು ಮೊದಲೇ ಸಿದ್ಧಪಡಿಸಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು, ಇತ್ಯಾದಿ. ಕಥೆಯಲ್ಲಿ ಚೀನಾದವರು ಬರಬಾರದು ಎಂಬ ಒಂದು ನಿಯಮವಂತೂ ಆ ಕಾಲದ ಕೀಳು ಅಭಿರುಚಿಯನ್ನು ಅಣಕಿಸಲು ಬರೆದದ್ದು, ಈಗ ಓದಿದರೆ ಮುಜುಗರ. ಮರುವರ್ಷ, 1930ರಲ್ಲಿ, ಲಂಡನ್ನಿನಲ್ಲಿ ಲೇಖಕರೇ ಸೇರಿ ಡಿಟೆಕ್ಷನ್ ಕ್ಲಬ್ ಕಟ್ಟಿ, ಓದುಗನಿಂದ ಮುಖ್ಯ ಸುಳಿವು ಮುಚ್ಚಿಡೆವು ಎಂದು ಪ್ರಮಾಣ ಮಾಡುತ್ತಿದ್ದರು. ಹತ್ತರಲ್ಲಿ ನಾವು ಉಳಿಸಿಕೊಂಡಿರುವುದು ಆ ಸುಳಿವಿನ ನಿಯಮ ಒಂದನ್ನೇ.

ನಿಜವಾದ ಪುಸ್ತಕದ ಉದಾಹರಣೆ ಕೊಟ್ಟರೆ ನಾನೇ ಗುಟ್ಟು ಒಡೆದಂತಾಗುತ್ತದೆ. ಹಾಗಾಗಿ ಇಲ್ಲೇ ಒಂದು ಕಳ್ಳತನ ಕಟ್ಟುತ್ತೇನೆ.

ಮೇ ತಿಂಗಳು, ರಾಯಚೂರು. ಒಬ್ಬ ಅಡತಿ ವ್ಯಾಪಾರಿಯ ಮನೆ. ಮಧ್ಯಾಹ್ನ ಊಟಕ್ಕೆ ಮುಂಚೆ ತಿಜೋರಿಯಲ್ಲಿದ್ದ ಹಣ ಮಾಯ. ಪಕ್ಕದ ಕೋಣೆಯಲ್ಲಿ ಮಲಗಿದ್ದ ಗುಮಾಸ್ತ ಪೊಲೀಸರಿಗೆ ಹೇಳುತ್ತಾನೆ: "ಕೂಲರ್ ಸಪ್ಪಳದಾಗ ನನಗೇನೂ ಕೇಳಿಸಲಿಲ್ರಿ." ಇದು ನೂರನೇ ಪುಟ. ಇಪ್ಪತ್ತನೇ ಪುಟದಲ್ಲಿ, ಕಳ್ಳತನ ಇನ್ನೂ ಬಯಲಾಗುವ ಮೊದಲು, ಎಲ್ಲರೂ ಊಟಕ್ಕೆ ಕೂತಿದ್ದಾರೆ. ಅಳಿಯ ರೊಟ್ಟಿ ಮುರಿಯುತ್ತಾ, "ಇವತ್ತ ಖಾರ ಭಾಳ ರುಚಿ ಆಗ್ಯಾದ" ಅನ್ನುತ್ತಾನೆ. ಅತ್ತಿ ಹೇಳುತ್ತಾಳೆ, "ಮಿಕ್ಸಿ ಎಲ್ಲಿ ತಿರಗಬೇಕಪಾ, ಒಳ್ಳಿನಾಗ ಅರದೀನಿ, ಅದಕ್ಕ." ಎಲ್ಲರೂ ನಗುತ್ತಾರೆ. ಓದುಗನೂ ನಕ್ಕು ಮುಂದೆ ಹೋಗುತ್ತಾನೆ. ಆದರೆ ಮಿಕ್ಸಿ ತಿರುಗಲಿಲ್ಲ ಅಂದರೆ ಕರೆಂಟ್ ಇರಲಿಲ್ಲ. ಕರೆಂಟ್ ಇಲ್ಲದ ಮೇಲೆ ಕೂಲರ್ ಎಲ್ಲಿ ಸಪ್ಪಳ ಮಾಡಿತು?

ಇದು ನ್ಯಾಯ. ಸುಳಿವು ಕಣ್ಣೆದುರೇ ಇತ್ತು, ರುಚಿಯ ಮಾತಿನೊಳಗೆ ಅಡಗಿತ್ತು. ಇದೇ ಕಥೆಯಲ್ಲಿ ಅತ್ತಿಯ ಮಾತು ಇಲ್ಲದೆ, ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಜೇಬಿನಿಂದ ವಿದ್ಯುತ್ ಕಚೇರಿಯ ಪತ್ರ ತೆಗೆದು "ಅಂದು ಕರೆಂಟ್ ಇರಲಿಲ್ಲ" ಅಂದರೆ? ಅದು ಮೋಸ.

ಸುಳಿವು ಅಡಗಿಸುವ ಜಾಗಗಳು ಸುಮಾರಾಗಿ ಇವೇ: ನಗೆಮಾತು, ಉದ್ದನೆಯ ಪಟ್ಟಿಯ ನಟ್ಟನಡುವೆ ಒಂದು ವಸ್ತು, ಅಪರಾಧ ನಡೆಯುವ ಮುನ್ನಿನ ಪುಟಗಳು, ಮತ್ತು ಆಗಬೇಕಾಗಿದ್ದರೂ ಆಗದೆ ಹೋದ ಸಂಗತಿ. ಕೊನೆಯದು ಎಲ್ಲಕ್ಕಿಂತ ಕಠಿಣ, ಇಲ್ಲದ್ದನ್ನು ನೋಡುವುದು ಹೇಗೆ ಹೇಳಿ?

ವಿಷದ ವಿಷಯದಲ್ಲಿ ನಮ್ಮಲ್ಲಿ ದೊಡ್ಡ ವಾದವಾಯಿತು. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಹೊತ್ತಿಗೆ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದವಳು. 1920ರಲ್ಲಿ ಬಂದ ಅವಳ ಮೊದಲ ಕಾದಂಬರಿಯಿಂದಲೇ ವಿಷ ಅವಳ ಮೆಚ್ಚಿನ ಆಯುಧ. "ಆ ಔಷಧಿ ಹೆಸರೇ ನಾ ಕೇಳಿಲ್ಲ, ನಾ ಹ್ಯಾಂಗ ಕಂಡುಹಿಡೀಲಿ?" ಎಂದು ಸಾವ್ಕಾರ್ರ ತಕರಾರು. ಅದಕ್ಕೆ ನರ್ಸ್ ಅಕ್ಕಾರು (ಹೌದು, ವಾಪಸ್ ಬಂದಿದ್ದರು) ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು: "ಔಷಧಿ ಗೊತ್ತಿರಬೇಕಂತಿಲ್ರಿ. ಕಪಾಟಿನ ಕೀಲಿ ಯಾರ ಹತ್ರ ಇತ್ತು ಅಂತ ಬರದಾಳಿಲ್ಲೋ? ಅಷ್ಟ ನೋಡ್ರಿ." ಓದುಗನಿಗೆ ಬೇಕಾದದ್ದು ವಿಜ್ಞಾನವಲ್ಲ, ಅವಕಾಶ ಯಾರಿಗಿತ್ತು ಎಂಬುದು. ಈಗ ನಾವು ತಾಂತ್ರಿಕ ವಿವರ ತುಂಬಿದ ಪತ್ತೇದಾರಿಗಳನ್ನೆಲ್ಲ ಇದೇ ಅಳತೆಯಲ್ಲಿ ಅಳೆಯುತ್ತೇವೆ.

ಹಂತ 3: ಓದದವರ ಮುಂದೆ ಮಾತು

ಕೂಟದ ಮೊದಲರ್ಧ ಇವರಿಗೆ. ಇಲ್ಲಿ ಬಾಯಿ ಜಾರುವುದು ಹೆಸರಿನಿಂದಲ್ಲ. ಕೊಲೆಗಾರನ ಹೆಸರು ಹೇಳುವಷ್ಟು ದಡ್ಡರು ಯಾರೂ ಇಲ್ಲ. ಜಾರುವುದು ಒಳ್ಳೆಯ ಮಾತುಗಳಿಂದ.

"ಕೊನೆಗೆ ಒಂದು ಭಾರಿ ಟ್ವಿಸ್ಟ್ ಅದ" ಅನ್ನಬೇಡಿ. ಹಾಗಂದ ಮೇಲೆ ಕೇಳಿದವರು ಪ್ರತಿ ಪುಟದಲ್ಲೂ ಎದುರಿಗೆ ಕಂಡದ್ದನ್ನು ಬಿಟ್ಟು ಬೇರೇನನ್ನೋ ಹುಡುಕುತ್ತಾರೆ, ಅರ್ಧಕ್ಕೇ ಸಿಕ್ಕಿಬಿಡುತ್ತದೆ. "ಯಾರನ್ನೂ ನಂಬಬೇಡಿ" ಎಂಬುದೂ ಅದೇ ಜಾತಿ. "ಥೇಟ್ ಆ ಇನ್ನೊಂದು ಪುಸ್ತಕದ ಹಾಗೇ ಅದ" ಎಂಬುದು ಇನ್ನೂ ಕೆಟ್ಟದ್ದು, ಒಂದೇ ಏಟಿಗೆ ಎರಡು ಪುಸ್ತಕ ಹೋದವು. ಯಾವುದೇ ಒಂದು ಪಾತ್ರವನ್ನು ಎತ್ತಿ ಹೊಗಳಬೇಡಿ, ಪತ್ತೇದಾರನನ್ನು ಬಿಟ್ಟು. ವಕೀಲನ ಪ್ರಕರಣ ನೆನಪಿರಲಿ. ಸಿನಿಮಾ ಆದ ಕಥೆಯಾದರೆ ಆ ಪಾತ್ರ ಯಾವ ನಟ ಮಾಡಿದ್ದು ಎಂದೂ ಹೇಳಬೇಡಿ. ದೊಡ್ಡ ನಟ ಸುಮ್ಮನೆ ಅಡಿಗೆಯವನ ಪಾತ್ರ ಮಾಡುತ್ತಾನೆಯೇ?

ನನ್ನ ಮೇಲಿನ ಕಳ್ಳತನದ ಕಥೆಯನ್ನೇ ತೆಗೆದುಕೊಳ್ಳಿ. "ಊಟದ ದೃಶ್ಯ ಲಕ್ಷ್ಯಕೊಟ್ಟು ಓದ್ರಿ" ಅಂದರೆ ಮುಗಿಯಿತು. "ಸುಳಿವೆಲ್ಲ ಮೊದಲೇ ಕೊಟ್ಟಾನ, ನಾನು ಎರಡೂ ಚೀಟಿ ತಪ್ಪು ಬರದೆ" ಅಂದರೆ? ನ್ಯಾಯವಾದ ಪುಸ್ತಕ ಎಂದು ತಿಳಿಯಿತು, ಆಡುವ ಹುಮ್ಮಸ್ಸೂ ಬಂತು, ಕೂಲರ್ ತಣ್ಣಗೆ ಉಳಿಯಿತು.

ಧಾರಾಳವಾಗಿ ಹೇಳಬಹುದಾದದ್ದೂ ಬಹಳ ಇದೆ. ಊರು, ಕಾಲ, ಭಾಷೆಯ ಓಟ, ಅನುವಾದ ಎಡವುತ್ತದೆಯೇ, ಪತ್ತೇದಾರನ ಸ್ವಭಾವ, ಹೆಣ ಬೀಳಲು ಎಷ್ಟು ಪುಟ ಕಾಯಬೇಕು. (ಎಪ್ಪತ್ತು ಪುಟ ಕಾಯಿಸಿದ ಪುಸ್ತಕವೊಂದಕ್ಕೆ ಚಾಚಾ, "ಸರ್ಕಾರಿ ಕೆಲಸ ಆದಂಗಾತು" ಅಂದರು.) ಎಲ್ಲಕ್ಕಿಂತ ಮುಖ್ಯವಾಗಿ, ಪುಸ್ತಕ ಯಾವ ಪ್ರಶ್ನೆ ಕೇಳುತ್ತದೆ ಎಂದು ಹೇಳಿ. ಯಾರು ಮಾಡಿದರು ಎಂಬುದೇ? ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಹೇಗೆ ಮಾಡಿದರು ಎಂಬುದೇ? ಅಥವಾ ಕೊಲೆಗಾರ ಮೊದಲ ಪುಟದಲ್ಲೇ ಗೊತ್ತಿದ್ದು, ಸಿಕ್ಕಿಬೀಳುವುದು ಹೇಗೆ ಎಂಬುದೇ? ಈ ತಿರುಗುಮುರುಗು ಬಗೆಯನ್ನು ಇಂಗ್ಲಿಷ್ ಲೇಖಕ ಆಸ್ಟಿನ್ ಫ್ರೀಮನ್ 1912ರಷ್ಟು ಹಿಂದೆಯೇ ಒಂದು ಸಂಕಲನದಲ್ಲಿ ಮಾಡಿ ತೋರಿಸಿದ. ಮೂರನೇ ಬಗೆಯ ಪುಸ್ತಕವನ್ನು ಮೊದಲ ಬಗೆಯದೆಂದು ಎತ್ತಿಕೊಂಡವನು ಹತ್ತನೇ ಪುಟಕ್ಕೇ ಬೈಯುತ್ತಾನೆ.

ಪುಸ್ತಕದ ಕಾಲು ಭಾಗದವರೆಗೆ ನಡೆದ ಘಟನೆ ಹೇಳಬಹುದು, ಅಲ್ಲಿಂದಾಚೆ ಬೇಡ ಎಂಬುದು ನಮ್ಮ ಕಟ್ಟಳೆ. ಹಳೆಯ ಪುಸ್ತಕಕ್ಕೆ ರಿಯಾಯಿತಿ ಇದೆಯೇ? ನೂರು ವರ್ಷ ಆಯಿತಲ್ಲ, ಈಗೇನು ಗುಟ್ಟು ಎಂದು ಕೇಳುವವರಿದ್ದಾರೆ. ಇಲ್ಲ. ಕ್ರಿಸ್ಟಿಯ ಒಂದು ನಾಟಕ ಲಂಡನ್ನಿನಲ್ಲಿ 1952ರಲ್ಲಿ ಶುರುವಾದದ್ದು, ಕೋವಿಡ್ ಕಾಲದ ಬಿಡುವು ಬಿಟ್ಟರೆ ಇಂದಿಗೂ ನಡೆಯುತ್ತಿದೆ. ಆಟ ಮುಗಿದ ಮೇಲೆ ಗುಟ್ಟು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುವುದು ಅಲ್ಲಿನ ಸಂಪ್ರದಾಯ. ಎಪ್ಪತ್ತು ವರ್ಷದಿಂದ ಅಷ್ಟು ಜನ ಬಾಯಿ ಕಟ್ಟಿಕೊಂಡಿರುವಾಗ ನಾವು ಎಂಟು ಜನಕ್ಕೆ ಏನು ದಾಡಿ? ಪಿಯುಸಿ ಹುಡುಗ ಹೋಮ್ಸ್ ಕಥೆಗಳನ್ನು ಮೊನ್ನೆ ಮೊನ್ನೆ ಶುರುಮಾಡಿದ್ದಾನೆ. ಅವನ ಪಾಲಿಗೆ ಅವು 1887ರವಲ್ಲ, ಈ ವಾರದವು.

ಹಂತ 4: ಓದಿದವರು ಮಾತ್ರ ಉಳಿದ ಮೇಲೆ

ಓದದವರು ಚಾ ಮಾಡಲು ಕೆಳಗೆ ಹೋಗುತ್ತಾರೆ. ಮಾಳಿಗೆಯ ಬಾಗಿಲು ಮುಚ್ಚಿದ ಮೇಲೆ ಚೀಟಿ ಬಿಚ್ಚುವುದು. ಅತಿ ಹೆಚ್ಚು ತಪ್ಪಿದವರು ಮೊದಲು ಮಾತಾಡಬೇಕು. ಸರಿಯಾದವರಿಗೆ ಮೊದಲು ಮೈಕು ಕೊಟ್ಟರೆ ಉಳಿದವರು ತಲೆಯಾಡಿಸುವುದಷ್ಟೇ ಆಗುತ್ತದೆ.

ಕೇಳಬೇಕಾದ ಪ್ರಶ್ನೆ "ಹ್ಯಾಂಗಿತ್ತು?" ಅಲ್ಲ, "ಯಾವ ಪುಟದಾಗ ದಾರಿ ತಪ್ಪಿದ್ರಿ?" ಎಂಬುದು. ಇದಕ್ಕೆ ಉತ್ತರಿಸಲು ಪುಸ್ತಕ ತೆರೆಯಲೇಬೇಕು. ಪುಸ್ತಕ ತೆರೆದ ಮೇಲೆ ಮಾತು ತಾನಾಗಿಯೇ ಗಟ್ಟಿಯಾಗುತ್ತದೆ.

ಜಗಳ ಬಂದರೆ ಬರಲಿ. ಕ್ರಿಸ್ಟಿಯ 1926ರ ಒಂದು ಕಾದಂಬರಿ ನ್ಯಾಯವೋ ಮೋಸವೋ ಎಂದು ಅಂದು ಎದ್ದ ತಕರಾರು ಇವತ್ತಿಗೂ ತಣಿದಿಲ್ಲ, ನಮ್ಮ ಮಾಳಿಗೆಯ ಮೇಲೆ ಎರಡು ಭಾನುವಾರ ನುಂಗಿತು. ನಾನು ನ್ಯಾಯದ ಪಕ್ಷ. ಯಾಕೆಂದು ಇಲ್ಲಿ ಹೇಳುವಂತಿಲ್ಲ.

ಕೊಲೆಯ ಕಾರಣದ ಬಗ್ಗೆಯೂ ಒಂದು ಮಾತು. "ಇಷ್ಟಕ್ಕೆಲ್ಲ ಯಾರರ ಖೂನಿ ಮಾಡ್ತಾರೇನ್ರಿ" ಎಂಬ ಆಕ್ಷೇಪ ಪ್ರತಿ ವಾರ ಬರುತ್ತದೆ. ಸಾವ್ಕಾರ್ರ ಉತ್ತರವೂ ಪ್ರತಿ ವಾರ ಒಂದೇ: "ಹೊಲದ ಬದುವಿನ ಜಗಳ ನೋಡಿಲ್ಲೇನು ನೀವು?" ಕಾರಣ ದೊಡ್ಡದೋ ಸಣ್ಣದೋ ಎಂದು ಅಳೆಯಬೇಡಿ. ಆ ಪಾತ್ರಕ್ಕೆ ಅದು ದೊಡ್ಡದೆಂದು ಲೇಖಕ ಮೊದಲೇ ತೋರಿಸಿದ್ದನೇ ನೋಡಿ.

ಹಂತ 5: ಮೂರು ಭಾಷೆ, ಒಂದೇ ಚಾಪೆ

ರಾಯಚೂರು 1956ರ ತನಕ ಹೈದರಾಬಾದಿಗೆ ಸೇರಿತ್ತು, ನದಿಯ ಆಚೆ ದಡದಲ್ಲಿ ತೆಲುಗು. ನಮ್ಮ ಕೂಟದ ಪುಸ್ತಕಗಳೂ ಹಾಗೇ. ನಾನು ಬೆಳೆದದ್ದು ಎನ್. ನರಸಿಂಹಯ್ಯನವರ ಪತ್ತೇದಾರರಾದ ಪುರುಷೋತ್ತಮ, ಅರಿಂಜಯರ ಮೇಲೆ. ಐನೂರಕ್ಕೂ ಹೆಚ್ಚು ಪತ್ತೇದಾರಿ ಬರೆದವರು ಅವರು. ಸಾವ್ಕಾರ್ರು ಓದುವುದು ತೆಲುಗು, ಅವರ ನಾಯಕರು ಕೊಮ್ಮೂರಿಯ ಯುಗಂಧರ್, ಮಧುಬಾಬುವಿನ ಷಾಡೋ. ಚಾಚಾ ಅವರದ್ದು ಉರ್ದು ಲೇಖಕ ಇಬ್ನೆ ಸಫಿ. 1952ರ ಮಾರ್ಚ್‌ನಲ್ಲಿ ಅಲಹಾಬಾದಿನಿಂದ ಶುರುವಾದ ಅವರ ಜಾಸೂಸಿ ದುನಿಯಾ ಕಾದಂಬರಿ ಮಾಲೆಯ ಪತ್ತೇದಾರ ಫರೀದಿ ಮತ್ತು ಅವನ ಜೊತೆಗಾರ ಹಮೀದ್ ಅವರಿಗೆ ಮನೆಮಂದಿ ಇದ್ದಂತೆ. ಹಿಂದಿಯಲ್ಲಿ ಇದೇ ಫರೀದಿ ವಿನೋದ್ ಆಗಿಬಿಟ್ಟಿದ್ದಾನೆಂದು ಅವರಿಗೆ ಈಗಲೂ ಸಿಟ್ಟು.

ಎಲ್ಲರಿಗೂ ಎಲ್ಲ ಲಿಪಿ ಬರುವುದಿಲ್ಲ. ಅದಕ್ಕೆ ನಾವು ಮಾಡಿದ್ದು ಇಷ್ಟು: ಓದಿದವರು ಎರಡನೇ ಚೀಟಿಯ ಜಾಗದ ತನಕ ಕಥೆಯನ್ನು ಬಾಯಲ್ಲಿ ಹೇಳಿ ನಿಲ್ಲಿಸುವುದು, ಕೇಳಿದವರು ಅಲ್ಲೇ ಚೀಟಿ ಬರೆಯುವುದು, ಉತ್ತರ ಮುಂದಿನ ವಾರ. ಚಾಚಾ ದಖ್ನಿ ಉರ್ದುವಿನಲ್ಲಿ ಹೇಳಲು ಕೂತರೆ ಕೆಳಗಿನ ಮನೆಯವರೂ ಮೆಟ್ಟಿಲ ಮೇಲೆ ಬಂದು ಕೂರುತ್ತಾರೆ. ಇಲ್ಲಿ ಒಂದು ಎಚ್ಚರ. ಹೇಳುವವರು ಸುಳಿವಿನ ಜಾಗದಲ್ಲಿ ದನಿ ತಗ್ಗಿಸುತ್ತಾರೆ, ತಮಗೇ ಗೊತ್ತಿಲ್ಲದೆ. ಹುಡುಗ ಈಗ ಕಥೆ ಕೇಳುವುದನ್ನು ಬಿಟ್ಟು ಚಾಚಾ ಅವರ ದನಿಯನ್ನೇ ಕೇಳಿ ಚೀಟಿ ಬರೆಯುತ್ತಾನೆ.

ಇನ್ನೊಂದು, ನಾಕ್ಸನ ಅಳತೆಗೋಲನ್ನು ಎಲ್ಲದಕ್ಕೂ ಹಿಡಿಯಬೇಡಿ. ನರಸಿಂಹಯ್ಯನವರಲ್ಲಾಗಲಿ ಸಫಿಯಲ್ಲಾಗಲಿ ಸುಖ ಇರುವುದು ಬೆನ್ನಟ್ಟುವಿಕೆಯಲ್ಲಿ, ವೇಷದಲ್ಲಿ, ಹಮೀದನ ತಲೆಹರಟೆಯಲ್ಲಿ. ಅಲ್ಲಿ ಕೇಳಬೇಕಾದದ್ದು ಅಧ್ಯಾಯ ಮುಗಿದಾಗ ಪುಸ್ತಕ ಕೆಳಗಿಡಲು ಆಯಿತೇ ಎಂದು.

ಹಂತ 6: ಪುಸ್ತಕ ಹೊಂದಿಸುವಾಗ

ಒಂದೇ ಪ್ರತಿ ಇದ್ದರೆ ನಿಧಾನ ಓದುವವರಿಗೆ ಮೊದಲು ಕೊಡಿ. ಬೇಗ ಓದುವವರಿಗೆ ಮೊದಲು ಕೊಟ್ಟರೆ ಅವರು ಮೂರು ವಾರ ಗುಟ್ಟು ಹೊತ್ತುಕೊಂಡು ತಿರುಗಬೇಕು, ಹೊಟ್ಟೆಯಲ್ಲಿ ಉಳಿಯುವುದಿಲ್ಲ. ಹಳೆಯ ಪುಸ್ತಕ ಕೊಳ್ಳುವಾಗ ಕೊನೆಯ ಪುಟ ಇದೆಯೇ ಎಂದು ಪಕ್ಕದವರಿಂದ ನೋಡಿಸಿ, ನೀವು ನೋಡಬೇಡಿ. ಹಿಂಬದಿಯ ಹೊದಿಕೆ ಓದಬೇಡಿ. ಮುನ್ನುಡಿಯನ್ನು ಕೊನೆಗೆ ಓದಿ, ಪಂಡಿತರು ಗುಟ್ಟು ಒಡೆಯುವುದು ಅಲ್ಲೇ.

ವಕೀಲನ ಪುಸ್ತಕ ಏನಾಯಿತು ಎಂದು ಕೇಳುತ್ತೀರಿ. ನರ್ಸ್ ಅಕ್ಕಾರು ಆರು ತಿಂಗಳು ಬಿಟ್ಟು ಅದನ್ನು ಮತ್ತೆ ತೆಗೆದು ಮುಗಿಸಿದರು. ಬಾಗಿಲು ಮುಚ್ಚಿ ಅವರ ಎರಡನೇ ಚೀಟಿ ಬಿಚ್ಚಿದೆವು. ಯಾರು ಎಂಬುದರ ಮುಂದೆ "ವಕೀಲ ಅಲ್ಲ" ಎಂದಿತ್ತು. ಯಾಕೆ ಎಂಬುದರ ಮುಂದೆ "ಸಾವ್ಕಾರ್ರಿಗೆ ಕಿಲಾಡಿ ಕಂಡೋನು ಖೂನಿ ಮಾಡಿರಲಿಕ್ಕಿಲ್ಲ" ಎಂದು. ಸಾವ್ಕಾರ್ರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಚೀಟಿ ಸರಿಯಿತ್ತೋ ತಪ್ಪಿತ್ತೋ ಹೇಳಲಾರೆ. ವಕೀಲನೊಬ್ಬ ಇರುವ ಪುಸ್ತಕ ಈಗ ನಿಮ್ಮ ದಿಂಬಿನ ಪಕ್ಕದಲ್ಲಿದ್ದರೆ?